ಕಳಿಸಿಕೊಡುವ ಕೋಚ್

"ಓಡಲೇ! ಓಡು! ಹಿಂದ ನೋಡಬ್ಯಾಡ, ಓಡು!"

ರೈನ್ ನದಿಯ ದಂಡೆಯಲ್ಲಿ, ಏಪ್ರಿಲ್ ತಿಂಗಳ ಒಂದು ಸಂಜೆ, ಈ ಕೂಗು ಕೇಳಿ ನಾನು ಸೈಕಲ್ಲಿಗೆ ಗಕ್ಕನೆ ಬ್ರೇಕ್ ಹಾಕಿದೆ. ಹಿಂದೆ ಬರುತ್ತಿದ್ದ ಜರ್ಮನ್ ಅಜ್ಜ ಏನೇನೋ ಬೈದುಕೊಂಡು ಹೋದರು. ಹೋಗಲಿ ಬಿಡಿ. ಬಾನ್ ನಗರದ ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ, ಅದೂ ಇಷ್ಟು ಜೋರಾಗಿ!

ಬೇಲಿಯಾಚೆ ಯೂನಿವರ್ಸಿಟಿಯ ಮೈದಾನ. ಹೊಂಬಣ್ಣದ ಕೂದಲಿನ ಉದ್ದನೆ ಹುಡುಗನೊಬ್ಬ ಬಿದ್ದಂಬೀಳ ಓಡುತ್ತಿದ್ದ. ಅವನನ್ನು ಓಡಿಸುತ್ತಿದ್ದವರು ಕಪ್ಪು ಕ್ಯಾಪಿನ, ನರೆತ ಮೀಸೆಯ, ಗಟ್ಟಿಮುಟ್ಟಾದ ಆಳು.

"ರೀ, ಪಾಪ ಆ ಹುಡುಗನನ್ನ ಯಾಕ್ರೀ ಹಾಗೆ ಬೈತಿದೀರಾ?" ಎಂದು ಬೇಲಿಯಿಂದಲೇ ಕೂಗಿದೆ.

ಅವರು ತಿರುಗಿದರು. ಕ್ಯಾಪ್ ತೆಗೆದರು, ಮತ್ತೆ ಹಾಕಿಕೊಂಡರು. ಕನ್ನಡದ ದನಿ ಬಂದದ್ದು ನನ್ನಿಂದಲೇ ಎಂದು ನಂಬಲು ಅವರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ಬೈಯಾಕತ್ತಿಲ್ರಿ. ಬೇಸ್‌ಬಾಲ್ ಕಲಸಾಕತ್ತೇನಿ."

"ಕನ್ನಡದಲ್ಲಾ?"

"ಜರ್ಮನ್‌ನ್ಯಾಗ ಓಡು ಅಂದ್ರ ಯಾಕ ಅಂತ ಕೇಳ್ತಾರ್ರಿ. ಕನ್ನಡದಾಗ ಅಂದ್ರ ಸುಮ್ನ ಓಡ್ತಾರ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ, ಆದರೆ ಮೀಸೆಯ ಒಂದು ತುದಿ ಸ್ವಲ್ಪ ಮೇಲೆದ್ದಿತು. ಅದೇ ಅವರ ನಗು ಎಂದು ಗೊತ್ತಾಗಲು ನನಗೆ ಇನ್ನೂ ಕೆಲವು ವಾರ ಬೇಕಾದವು.

ಹೆಸರು ದುಂಡಪ್ಪ. ಗೋಕಾಕದವರು. ಮಣ್ಣಿನ ರಸಾಯನದಲ್ಲಿ ಡಾಕ್ಟರೇಟ್ ಮಾಡಲು ಬಂದವರು, ಇಲ್ಲೇ ಲ್ಯಾಬಿನಲ್ಲಿ ಕೆಲಸ ಹಿಡಿದು ಉಳಿದರು. ಧಾರವಾಡದಲ್ಲಿ ಓದುವಾಗ ಸಾಫ್ಟ್‌ಬಾಲ್ ಆಡಿದ್ದರಂತೆ. ಇಲ್ಲಿಯ ಹಾಸ್ಟೆಲಿನ ಹುಡುಗರ ಬೇಸ್‌ಬಾಲ್ ಟೀಮಿಗೆ ಒಂದು ದಿನ ಒಬ್ಬ ಕಡಿಮೆ ಬಿದ್ದ, ಇವರು ಹೋದರು. ಮುಂದಿನ ವರ್ಷ ಕೋಚ್ ಊರು ಬಿಟ್ಟ, ಇವರೇ ಕೋಚ್ ಆದರು. ಅದಾಗಿ ಇಪ್ಪತ್ತಾರು ವರ್ಷ. ಹಗಲು ಮಣ್ಣು, ಸಂಜೆ ಚೆಂಡು. ಅಷ್ಟು ವರ್ಷದಲ್ಲಿ ಕಪ್ ಗೆದ್ದದ್ದು ಒಂದೇ ಸಲ. ಅದೂ ಎದುರಿನ ಟೀಮಿನ ಬಸ್ಸು ಕೆಟ್ಟು, ಅವರು ಬರಲಿಲ್ಲವೆಂದು.

"ಮದುವೆ?" ಎಂದು ಎರಡನೇ ವಾರವೇ ಕೇಳಿದೆ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಈ ಸೀಸನ್ ಮುಗೀಲಿ ಅಂತಿದ್ನಿರಿ. ಮುಗೀಲೇ ಇಲ್ಲ."

ನನ್ನ ಮದುವೆ ಮುಗಿದು ಆಗಲೇ ಹತ್ತು ವರ್ಷವಾಗಿತ್ತು. ಮೈಸೂರಿನಿಂದ ಗಂಡನ ಹಿಂದೆ ಬಂದವಳು, ಗಂಡ ಬಿಟ್ಟು ಹೋದ ಮೇಲೂ ಇಲ್ಲೇ ಉಳಿದೆ. ಮಗಳು ಸುರಭಿ ನ್ಯೂರೆಂಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಔಷಧಿ ಪರೀಕ್ಷೆಗಳ ಅಂಕಿಅಂಶ ನೋಡುವುದು ನನ್ನ ಕೆಲಸ, ಲ್ಯಾಪ್‌ಟಾಪ್ ಇದ್ದರೆ ಯಾವ ಊರಾದರೂ ಆದೀತು. ಅಂಕಿಗಳಿಗೆ ಹೆದರದ ಹೆಂಗಸು ಎಂದು ತಿಳಿದದ್ದೇ ತಡ, ದುಂಡಪ್ಪನವರು ನನ್ನ ಕೈಗೆ ಪೆನ್ಸಿಲ್ ಕೊಟ್ಟು ಸ್ಕೋರ್ ಬರೆಯಲು ಕೂರಿಸಿದರು.

ಹಾಗೆ ಶುರುವಾಯಿತು. ವಾರಕ್ಕೆರಡು ಸಂಜೆ, ಮರದ ಬೆಂಚು, ನಡುವೆ ಹುರಿದ ಶೇಂಗಾದ ಡಬ್ಬಿ. ಅಮೆರಿಕದಲ್ಲಿ ಆಟಗಾರರು ಸೂರ್ಯಕಾಂತಿ ಬೀಜ ತಿನ್ನುತ್ತಾರಂತೆ, ನಮ್ಮ ಟೀಮಿನ ಬೆಂಚಿನ ಕೆಳಗೆ ಶೇಂಗಾ ಸಿಪ್ಪೆಯ ರಾಶಿ. ಅವರು ಸಿಪ್ಪೆ ಬಿಡಿಸಿ ಕಾಳು ನನ್ನ ಕಡೆ ಸರಿಸುತ್ತಿದ್ದರು, ಕಣ್ಣು ಮಾತ್ರ ಮೈದಾನದ ಮೇಲೆ. ನಾನು ತಿನ್ನದೆ ಸುಮ್ಮನಿದ್ದರೆ ಆ ಕಣ್ಣು ಮೈದಾನ ಬಿಟ್ಟು, ಕಾಳುಗಳ ಮೇಲೆ ಬಂದು, ಅಲ್ಲಿಂದ ನನ್ನ ಕೈಗೆ, ಕೈಯಿಂದ ಮುಖಕ್ಕೆ ಏರಿ, ಸಿಕ್ಕಿಬಿದ್ದವರ ಹಾಗೆ ವಾಪಸ್ ಓಡುತ್ತಿತ್ತು. ಅದನ್ನು ನೋಡಬೇಕೆಂದೇ ನಾನು ಎಷ್ಟೋ ಸಲ ತಿನ್ನದೆ ಕೂತಿದ್ದೇನೆ.

ಆ ಬೇಸಿಗೆಯಲ್ಲೇ ಒಂದು ಎಡವಟ್ಟಾಯಿತು. ನಾನು ಅವರನ್ನು ಕರೆಯುತ್ತಿದ್ದುದು "ರೀ" ಎಂದು. "ರೀ, ಎಷ್ಟು ಔಟಾಯ್ತು?" "ರೀ, ಇದನ್ನ ಎಲ್ಲಿ ಬರೀಲಿ?" ಹುಡುಗರು ಕೇಳಿಸಿಕೊಂಡರು. ಅದೇ ಕೋಚ್‌ನ ಮನೆಯ ಹೆಸರಿರಬೇಕು ಎಂದುಕೊಂಡರು. ಒಂದು ಶನಿವಾರ ಮ್ಯಾಚಿನ ನಡುವೆ ಯೊಹಾನ್ನಾ ಎಂಬ ಹುಡುಗಿ ಮೈದಾನದ ಆ ತುದಿಯಿಂದ "ರೀ!" ಎಂದು ಕೂಗಿದಳು. ಉದ್ದನೆ ಹುಡುಗ ಮಾಲ್ಟೆಯೂ "ರೀ!" ಎಂದ. ಇಡೀ ಟೀಮು "ರೀ! ರೀ!" ಎಂದು ಚಪ್ಪಾಳೆ ತಟ್ಟತೊಡಗಿತು.

ಅವರ ಕಿವಿ ಕೆಂಪಗಾಯಿತು. ನನ್ನದೂ ಆಗಿರಬೇಕು.

"ಇವರಿಗೆ ಬೇಡ ಅಂತ ಹೇಳ್ತೀನಿ," ಎಂದು ಎದ್ದೆ.

"ಬಿಡ್ರಿ. ನಮ್ಮ ಕಡೆ ಎಲ್ಲಾರಿಗೂ ರೀ ಅಂತಾರ. ಕಂಡಕ್ಟರಗೂ ರೀ, ಡಾಕ್ಟರಗೂ ರೀ."

"ನಮ್ಮ ಕಡೆ ಮನೆಯೊಳಗೆ ಒಬ್ಬರನ್ನೇ ಹಾಗೆ ಕರೆಯೋದು," ಎಂದು ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

ಅವರು ಶೇಂಗಾ ಡಬ್ಬಿಯ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು. "ಗೊತ್ತೈತ್ರಿ," ಎಂದರು, ಬಹಳ ಮೆಲ್ಲಗೆ.

ಅಷ್ಟೇ. ಗೊತ್ತಿದ್ದ ಮೇಲೆ ಮುಂದೆ ಏನಾದರೂ ಹೇಳಬೇಕಲ್ಲವೇ? ಹೇಳಲಿಲ್ಲ. ಒಂದು ಬೇಸಿಗೆ ಹೋಯಿತು, ಚಳಿಗಾಲ ಬಂತು. ಮೈದಾನ ಮುಚ್ಚಿದ್ದಾಗಲೂ ನಾವು ಭಾನುವಾರ ನದಿಯ ಪಕ್ಕ ನಡೆದೆವು, ಬಿಸಿ ಕಾಫಿ ಕುಡಿದೆವು, ಅವರು ಮಾಡಿದ ಎಣ್ಣೆಗಾಯಿಗೆ ನಾನು ಖಾರ ಜಾಸ್ತಿಯೆಂದು ಕಣ್ಣೀರು ಹಾಕಿದೆ. ಪ್ರೀತಿ ನನಗೆ ಖಚಿತವಾಗಿತ್ತು. ಅವರಿಗೂ ಇತ್ತೆಂದು ಅವರ ಬಾಯೊಂದನ್ನು ಬಿಟ್ಟು ಉಳಿದೆಲ್ಲವೂ ಹೇಳುತ್ತಿತ್ತು.

ಮುಂದಿನ ಸೀಸನ್ ಅವರ ಕೊನೆಯದು. ಮಂಡಿ ನೋವು, ರಿಟೈರ್‌ಮೆಂಟ್ ಹತ್ತಿರ. ಅದೇ ಹೊತ್ತಿಗೆ ಸುರಭಿ ಫೋನಿನಲ್ಲಿ ವರಾತ ಶುರು ಮಾಡಿದಳು. "ಅಮ್ಮಾ, ಅಲ್ಲಿ ಒಬ್ಬಳೇ ಯಾಕಿದೀಯಾ? ಇಲ್ಲಿ ನನ್ನ ಮನೇಲಿ ಒಂದು ರೂಮ್ ಫ್ರೀ ಇದೆ." ನಾನು ಬೇಕೆಂದೇ ಈ ಸುದ್ದಿಯನ್ನು ಬೆಂಚಿಗೆ ತೆಗೆದುಕೊಂಡು ಹೋದೆ. ಇವರು ಬೇಡ ಅನ್ನಲಿ ಎಂದೇ.

"ನ್ಯೂರೆಂಬರ್ಗ್‌ಗೆ ಹೋಗಿಬಿಡೋಣ ಅಂತಿದೀನಿ," ಎಂದೆ.

ಅವರ ಕೈಯಲ್ಲಿದ್ದ ಶೇಂಗಾ ಹಾಗೇ ನಿಂತಿತು. ಆಮೇಲೆ ಸಿಪ್ಪೆ ಒಡೆದರು.

"ಚಲೋ ಆತ್ರಿ. ಮಗಳ ಹಂತೇಕ ಇರಬೇಕು. ಸಾಮಾನು ಇಳಸಾಕ ನಮ್ಮ ಹುಡುಗ್ರು ಬರ್ತಾರ. ವ್ಯಾನ್ ನಾ ತರ್ತೀನಿ."

ವ್ಯಾನ್ ತರುತ್ತಾರಂತೆ! ಸಿಟ್ಟು ನೆತ್ತಿಗೇರಿತು. ಅದೇ ವಾರ ಮನೆಯ ಮಾಲೀಕರಿಗೆ ಕ್ಯೂಂಡಿಗುಂಗ್ ನೋಟೀಸು ಬರೆದು, ಮೂರು ತಿಂಗಳಲ್ಲಿ ಮನೆ ಬಿಡುತ್ತೇನೆಂದು ಸಹಿ ಹಾಕಿ ಪೋಸ್ಟ್ ಮಾಡಿದೆ. ಡಬ್ಬಿಯೊಳಗೆ ಅದು ಬಿದ್ದ ಸದ್ದು ಕೇಳಿದ ಮೇಲೂ ಅಲ್ಲೇ ನಿಂತಿದ್ದೆ.

ಜುಲೈಯಲ್ಲಿ ಬೀಳ್ಕೊಡುಗೆಯ ಮ್ಯಾಚ್. ಹಳೆಯ ಆಟಗಾರರು ಎಲ್ಲೆಲ್ಲಿಂದಲೋ ಬಂದರು. ತಲೆ ಬೋಳಾದವರು, ಹೊಟ್ಟೆ ಬಂದವರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು. ಎಲ್ಲರೂ ಸೇರಿ ಒಂದೂ ಚೆಂಡು ಹಿಡಿಯಲಿಲ್ಲ. ದುಂಡಪ್ಪನವರು ಮಾತ್ರ ಪ್ರತಿಯೊಬ್ಬರ ಹೆಸರು ಹಿಡಿದು ಕರೆದು, ಯಾವ ಮಂಡಿ ನೋಯುತ್ತಿತ್ತು ಎಂದು ನೆನಪಿಟ್ಟು ವಿಚಾರಿಸಿದರು.

ನನ್ನ ಪಕ್ಕ ಬಂದು ಕೂತವನು ಬಸವಪ್ರಸಾದ. ವಿಜಯಪುರದ ಹುಡುಗ, ಇಲ್ಲಿ ಓದುವಾಗ ಇದೇ ಟೀಮಿನಲ್ಲಿ ಆಡಿದ್ದ, ಈಗ ಕಾರ್ ಕಂಪನಿಯಲ್ಲಿ ಎಂಜಿನಿಯರ್.

"ಮೇಡಂ, ಈ ಮನಷ್ಯಾ ಭಾಳ ಛಂದ ಕಳಸ್ತಾನ್ರಿ," ಎಂದ. "ನಾ ಊರು ಬಿಡೂ ದಿನ ಸ್ಟೇಶನ್ನಿಗೆ ಬಂದು, ಬುತ್ತಿ ಕಟ್ಟಿ ಕೊಟ್ಟು, ಸೀಟ್ ಮ್ಯಾಲ ಕುಂಡ್ರಿಸಿ ಹೋದ್ರು. ಇರಪಾ ಅಂತ ಒಂದ್ ಮಾತು ಅಂದಿದ್ರ ಇದ್ದಬಿಡತಿದ್ನಿ. ಅನ್ಲಿಲ್ಲ. ಯಾರಿಗೂ ಅಂದಿಲ್ಲ."

ನನ್ನ ಪೆನ್ಸಿಲ್ ನಿಂತಿತು. ಮೂರು ವರ್ಷಕ್ಕೊಮ್ಮೆ ಓದು ಮುಗಿಸಿ ಇಡೀ ಟೀಮು ಖಾಲಿಯಾಗುತ್ತದೆ. ಚೆಂಡು ಹಿಡಿಯುವುದು ಹೇಗೆಂದು ಹೊಸಬರಿಗೆ ಮೊದಲಿಂದ ಕಲಿಸಬೇಕು. ಕಲಿತವರನ್ನು ರೈಲು ಹತ್ತಿಸಬೇಕು. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಬೇರೇನು ಬರುತ್ತದೆ? ನನ್ನ ಸಿಟ್ಟು ಅರ್ಧ ಇಳಿದು, ಆ ಜಾಗದಲ್ಲಿ ದುಃಖ ಬಂದು ಕೂತಿತು.

ಎಲ್ಲರೂ ಫೋಟೋಗೆ ನಿಲ್ಲುವಾಗ ಅವರನ್ನು ತಡೆದೆ.

"ಒಬ್ಬರನ್ನಾದರೂ ಇಲ್ಲೇ ಇರು ಅನ್ನಬೇಕು ಅನಿಸಿಲ್ವಾ ನಿಮಗೆ?"

"ಅನಸೇತ್ರಿ." ಕ್ಯಾಪ್ ಕೈಗೆ ಬಂತು. "ಆದ್ರ ಬಂದವರು ಹೋಗಾಕಂತನ ಬಂದಿರ್ತಾರ. ಇರು ಅಂದ್ರ ಅವರ ಕಾಲಿಗೆ ಹಗ್ಗ ಕಟ್ಟಿಧಂಗ."

"ನಾನು ನಿಮ್ಮ ಸ್ಟೂಡೆಂಟ್ ಅಲ್ಲ."

ಅವರು ನನ್ನನ್ನು ನೋಡಿದರು. ಎಂದೂ ಇಷ್ಟು ಹೊತ್ತು ನೋಡಿರಲಿಲ್ಲ. ತುಟಿ ಅಲ್ಲಾಡಿತು. ಅಷ್ಟರಲ್ಲಿ "ರೀ!" ಎಂದು ಕೂಗುತ್ತ ಅರ್ಧ ಜರ್ಮನಿ ಓಡಿಬಂದು ಅವರನ್ನು ಎತ್ತಿಕೊಂಡು ಹೋಯಿತು.

ಸೆಪ್ಟೆಂಬರ್ ಕೊನೆಗೆ, ಹೇಳಿದ ಮಾತಿನಂತೆ, ವ್ಯಾನ್ ಬಂತು. ನನ್ನದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಾಲ್ಟೆ, ಯೊಹಾನ್ನಾ, ಇನ್ನೂ ನಾಲ್ಕು ಜನ ಸೇರಿ ಬೆಳಗಿನ ಹೊತ್ತಿಗೇ ಮನೆಯನ್ನು ಕೆಳಗಿಳಿಸಿದರು. ದುಂಡಪ್ಪನವರು ನನ್ನ ಉಪ್ಪಿನಕಾಯಿ ಜಾಡಿಗಳಿಗೆ ಟವೆಲ್ ಸುತ್ತಿದರು, ಕನ್ನಡಿಗೆ ಕಂಬಳಿ ಹೊದಿಸಿದರು, ದಾರಿಗೆಂದು ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿದ್ದರು.

ಕೊನೆಗೆ ಉಳಿದದ್ದು ನನ್ನ ದೋಸೆ ಹಿಟ್ಟಿನ ಗ್ರೈಂಡರ್. ಕಲ್ಲಿನ ಭಾರ. ಹುಡುಗರಿಗೆ ಕೊಡದೆ ಅದನ್ನು ತಾವೇ ತಬ್ಬಿಕೊಂಡು ಮೆಟ್ಟಿಲು ಇಳಿದರು. ವ್ಯಾನಿನ ಬಾಗಿಲಲ್ಲಿ ನಿಂತರು. ಮಾಲ್ಟೆ ಒಳಗಿನಿಂದ ಕೈ ಚಾಚಿದ. ಅವರು ಕೊಡಲಿಲ್ಲ.

"ಇಡ್ರೀ, ಬೆನ್ನು ಹಿಡ್ಕೊಳುತ್ತೆ," ಎಂದೆ.

"ಇಡೂದಿಲ್ಲ."

"ಯಾಕೆ?"

"ಇಟ್ರ ನೀವು ಹೋಗ್ತೀರಿ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಹುಡುಗರು ಮುಖ ಮುಖ ನೋಡಿಕೊಂಡರು. ಭಾಷೆ ತಿಳಿಯದಿದ್ದರೂ ಏನೋ ನಡೆಯುತ್ತಿದೆ ಎಂದು ಅವರಿಗೂ ತಿಳಿಯಿತು.

ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಕ್ಯಾಪ್ ತೆಗೆದು ಹಾಕಲೂ ಇರಲಿಲ್ಲ. ಅದಕ್ಕೇ ಇರಬೇಕು, ಬಾಯಿ ಬಿಟ್ಟರು.

"ಹೋಗಬ್ಯಾಡ, ವೈದೇಹಿ. ನನಗ ನೀ ಬೇಕು. ಎಲ್ಲಾರನ್ನೂ ಕಳಿಸಿದೆ, ನಿನ್ನ ಕಳಸಾಕ ಆಗವಲ್ದು."

ಎರಡು ಬೇಸಿಗೆ ಕಾದ ಮಾತು. ಕೇಳಿದ ತಕ್ಷಣ ಅತ್ತುಬಿಡುತ್ತೇನೆಂದು ತಿಳಿದಿದ್ದೆ. ಅಳುವಿಗಿಂತ ಮೊದಲು ಬಂದದ್ದು ಜಗಳ.

"ಮೂರು ತಿಂಗಳು ಏನ್ರೀ ಮಾಡ್ತಿದ್ರಿ?"

"ಧೈರ್ಯ ಮಾಡಾಕತ್ತಿದ್ನಿ."

"ಮನೆ ಬಿಟ್ಟುಕೊಟ್ಟಾಯ್ತು! ನಾಳೆ ಬೆಳಿಗ್ಗೆ ಬೀಗದ ಕೈ ಕೊಡ್ಬೇಕು. ಹೋಗಬೇಡ ಅಂದ್ರೆ ಬೀದೀಲಿರ್ಲಾ?"

"ನನ್ನ ಮನಿ ಐತಲ್ಲ. ಒಂದ್ ಖೋಲಿ ತುಂಬ ಬ್ಯಾಟು ಅದಾವು, ತಗದಬಿಡತೀನಿ."

"ನಾನು ಖೋಲಿ ಕೇಳಲಿಲ್ಲ."

ಅವರ ತೋಳು ನಡುಗತೊಡಗಿತ್ತು, ಗ್ರೈಂಡರಿನ ಭಾರಕ್ಕೋ ಮಾತಿನ ಭಾರಕ್ಕೋ. "ಲಗ್ನಾನೂ ಆಗೂಣು," ಎಂದರು. "ನೀ ಹೂಂ ಅಂದ್ರ. ಹೂಂ ಅನ್ನದಿದ್ರ ಇದನ್ನ ಒಳಗ ಇಟ್ಟು, ನಾನ ಗಾಡಿ ಹೊಡಕೊಂಡು ನಿನ್ನ ಮುಟ್ಟಿಸಿ ಬರ್ತೀನಿ."

ನಾನು ಮೊಬೈಲ್ ತೆಗೆದೆ. ಸುರಭಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆ ಕಡೆಯಿಂದ ಜರ್ಮನ್‌ನಲ್ಲಿ ಒಂದೇ ಪದ: "ಎಂಡ್ಲಿಶ್!" ಅಂತೂ ಇಂತೂ ಆಯಿತಲ್ಲ, ಎಂದು ಅದರರ್ಥ. ಫೋನಿನಲ್ಲಿ ದಿನವೂ ಅವರ ಸುದ್ದಿಯನ್ನೇ ಕೇಳುತ್ತಿದ್ದ ನನ್ನ ಮಗಳಿಗೂ ನನಗಿಂತ ಹೆಚ್ಚು ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ.

ಕಣ್ಣು ಒರೆಸಿಕೊಂಡು ವ್ಯಾನಿನ ಮುಂದಕ್ಕೆ ಹೋದೆ. ಮಾಲ್ಟೆ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದ. ನ್ಯಾವಿಗೇಶನ್‌ನಲ್ಲಿ ನ್ಯೂರೆಂಬರ್ಗ್‌ನ ದಾರಿ ನೀಲಿಯಾಗಿ ಉದ್ದಕ್ಕೆ ಬಿದ್ದಿತ್ತು. ಅವನು ಕೋಚ್‌ನ ಕಡೆ ನೋಡಿ, ಎಲ್ಲಿಗೆ, ಎಂದು ಜರ್ಮನ್‌ನಲ್ಲಿ ಕೇಳಿದ. ಕೋಚ್ ನನ್ನ ಕಡೆ ನೋಡಿದರು. ಗ್ರೈಂಡರ್ ತಬ್ಬಿಕೊಂಡೇ ಕಾದರು.

ಅದನ್ನು ಅಳಿಸು ಎಂದೆ ಮಾಲ್ಟೆಗೆ. ಇದೇ ಊರಿನ ಎಂಡೆನಿಶ್‌ನಲ್ಲಿರುವ ದುಂಡಪ್ಪನವರ ಬೀದಿಯ ಹೆಸರನ್ನೂ ಮನೆ ನಂಬರನ್ನೂ ಹೇಳಿದೆ.

ಆಗ ಅವರು ಗ್ರೈಂಡರನ್ನು ವ್ಯಾನಿನೊಳಗೆ ಇಟ್ಟರು.