ಕಲ್ಲಿನಲ್ಲಿ ಉಳಿದ ಅರ್ಧ ಎಲೆ

ಆ ಎಲೆಯ ಗುರುತು ಸಿಗದಿರಲಿ ಎಂದು ನನಗೇ ಕೇಳಿಸದಷ್ಟು ಮೆಲ್ಲಗೆ ಬೇಡಿಕೊಳ್ಳುತ್ತಿದ್ದೆ. ಸಿಕ್ಕರೆ, ಅಪ್ಪ ಕೆಲಸಕ್ಕೆ ಕರೆಸಿಕೊಂಡಿದ್ದ ಸಿದ್ದಾಚಾರಿ ಎರಕ ಮುಗಿಸಿ ತನ್ನೂರು ನಾಗಮಂಗಲಕ್ಕೆ ಹೊರಟುಬಿಡುತ್ತಾನೆ.

ಉತ್ತರದ ಬೆಟ್ಟಗಳಿಂದ ಅರಮನೆ ತೋಟಕ್ಕೆ ಸಸಿ ತಂದವರು ಒಂದು ಕಲ್ಲನ್ನೂ ತಂದಿದ್ದರು. ಯಾವ ಕಾಲದಲ್ಲೋ ಕೆಸರಿಗೆ ಬಿದ್ದ ಎಲೆ, ಕೆಸರಿನೊಡನೆ ತಾನೂ ಕಲ್ಲಾಗಿ, ಅರ್ಧ ಮಾತ್ರ ಉಳಿದಿತ್ತು. ಅದನ್ನು ಬೆಳ್ಳಿಯಲ್ಲಿ ಇಡಿಯಾಗಿ ಎರೆದುಕೊಡಬೇಕೆಂದು ಅಕ್ಕಸಾಲಿಗನಾದ ಅಪ್ಪನಿಗೆ ಅರಮನೆಯ ಅಪ್ಪಣೆಯಾಯಿತು. ಕಳೆದುಹೋದ ಅರ್ಧ ತಿಳಿಯಲು ಅದರ ಬಳಗದ ಜೀವಂತ ಗಿಡ ಬೇಕು. ತೋಟದಲ್ಲಿ ಅಂಥ ಬಿಳಿ ಹೂವಿನ ಮುಳ್ಳುಗಿಡಗಳು ಎರಡಿದ್ದವು, ಅಕ್ಕತಂಗಿಯರ ಹಾಗೆ. ನಮ್ಮ ಕಡೆ ಅವಕ್ಕೆ ಹೆಸರೇ ಇಲ್ಲ. ಕಲ್ಲಿನ ಎಲೆ ಆ ಎರಡರಲ್ಲಿ ಯಾವುದರದೆಂದು ತಿಳಿಯಬೇಕಿತ್ತು.

ಗಂಜಾಮಿನ ನಮ್ಮ ಜಗಲಿಯಲ್ಲಿ ಕೂತು ಸಿದ್ದಾಚಾರಿ ಎರಡರ ಎಲೆಯನ್ನೂ ಮೇಣಕ್ಕೆ ಒತ್ತಿ ಕಲ್ಲಿನ ಪಕ್ಕ ಇಡುತ್ತಿದ್ದ. ಕರಿಘಟ್ಟದ ಕಡೆಯ ಗಾಳಿಗೆ ಎಲೆಗಳು ನನ್ನ ಮಡಿಲಿಗೆ ಹಾರಿ ಬರುತ್ತಿದ್ದವು.

“ನೀನೇ ಏಳು ಕಾಳವ್ವ, ಯಾವ್ದಿದು?”

ತಲೆ ಎತ್ತಿದೆ. ಅವನ ಹುಬ್ಬಿನಲ್ಲೊಂದು ಮೇಣದ ಚೂರು. “ನಂಗೇನ್ ಗೊತ್ತಾದದು?”

ಸೋದರತ್ತೆ ಮೂಗಮ್ಮ ಒಳಗಿನಿಂದಲೇ ಅಂದಳು: “ಎಲೆ ನೋಡ್ತಾವ್ಳೋ, ಎಲೆ ಇಡ್ಕೊಂಡೋರ್ನ ನೋಡ್ತಾವ್ಳೋ, ಯಾರ್ ಕಂಡವ್ರೆ ಬುಡು.”

ಅವನು ನಗು ನುಂಗಿಕೊಂಡ. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಅವನ ಮುಖ ಬಾಡಿತು. “ಸಿಗಾಕಿಲ್ಲ. ನಾಳೆ ಅಂದಾಜಿನ್ ಮ್ಯಾಲೆ ಉಯ್ದ್ಬುಡ್ತೀನಿ. ತಪ್ಪಾದ್ರೆ ಇನ್ಯಾರೂ ನನ್ ಕೈಗೆ ಕೆಲ್ಸ ಕೊಡಾಕಿಲ್ಲ.”

ಆ ಕೈಯನ್ನೇ ನೋಡಿದೆ. ಒಡವೆಯಲ್ಲಿ ಕಾಣುವುದು ಎಲೆಯ ಮುಖ. ಅದಕ್ಕೇ ನಮ್ಮವರು ಮೇಣಕ್ಕೆ ಮುಖವನ್ನೇ ಒತ್ತುವುದು. ಅವನೂ ಹಾಗೆಯೇ ಒತ್ತುತ್ತಿದ್ದ. ಮೇಣದಲ್ಲಿ ನರಗಳು ಮಸುಕು. ಕಲ್ಲಿನಲ್ಲಾದರೋ ಕೊರೆದಷ್ಟು ಆಳ. ನರ ಉಬ್ಬಿರುವುದು ಎಲೆಯ ಬೆನ್ನಿಗೆ. ಕಲ್ಲಿನಲ್ಲಿದ್ದದ್ದು ಆ ಬೆನ್ನಿನ ಅಚ್ಚು.

ಎರಡೂ ಎಲೆಗಳನ್ನು ಮಗುಚಿ ಒತ್ತಿದೆ. ಒಂದರಲ್ಲಿ ನರಗಳು ಅಂಚಿನ ಚೂಪು ತುದಿಗಳಿಗೆ ಮಾತ್ರ ಹೋಗಿದ್ದವು. ಇನ್ನೊಂದರಲ್ಲಿ ತುದಿಗಳ ನಡುವಿನ ಸೀಳುಗಳಿಗೂ ಇಳಿದಿದ್ದವು. ಕಲ್ಲಿನಲ್ಲೂ ಹಾಗೆಯೇ.

ಅವನು ಬಹಳ ಹೊತ್ತು ನೋಡಿದ. ಎಲೆಯನ್ನಲ್ಲ, ಮೇಣ ಮೆತ್ತಿದ ನನ್ನ ಹೆಬ್ಬೆರಳನ್ನು.

“ನಾಳೆ ಎರಕ, ನಾಡಿದ್ದು ಊರು,” ಎಂದ. ಎದ್ದವನು ಮತ್ತೆ ಕೂತ. “ನಿಮ್ಮಪ್ಪಯ್ಯನ್ನ ಒಂದ್ ಮಾತು ಕೇಳಾದಿತ್ತು. ನಿನ್ನ ಇಸ್ಯವೇಯ. ನೀನು ಬ್ಯಾಡ ಅಂದ್ರೆ ಸುಮ್ನೆ ಒಂಟೋಯ್ತೀನಿ.”

ಒಳಗೆ ಅತ್ತೆಯ ಒನಕೆ ನಿಂತಿತು.

“ಕೇಳಿ,” ಎಂದೆ, ಅತ್ತೆಗೂ ಕೇಳಿಸುವ ಹಾಗೆ. “ನಂಗೆ ನೀವೇ ಬೇಕು.”