ಮೂಗಿನ ಮೇಲಿನ ಗೀರು

ಸಂಜೆ ಐದಕ್ಕೆ ಸುಗುಣ ಚಹಾ ಹಿಡಿದು ವಾರ್ಡಿಗೆ ಬಂದಾಗ ಗಂಡ ಸುಧಾಕರನ ತುಟಿ ನೀಲಿಯಾಗಿತ್ತು. ಉಸಿರಿರಲಿಲ್ಲ.

ಅವನು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವನು. ಮುರಿದ ಕಾಲಿಗೆ ಬೆಳಿಗ್ಗೆ ರಾಡ್ ಹಾಕಿದ್ದರು. ನಾಲ್ಕಕ್ಕೆ ನರ್ಸ್ ನಿಶ್ಮಿತಾ ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದಳು. ಆರಕ್ಕೆ ಕುಂದಾಪುರದ ಆ ಆಸ್ಪತ್ರೆಯ ಗೇಟಿನಲ್ಲಿ ಜನ. ಎಲ್ಲರ ಬಾಯಲ್ಲೂ ಅವಳದೇ ಹೆಸರು.

"ನಾನ್ ಕೊಂದದ್ದಲ್ಲ ಮೇಡಂ," ನಿಶ್ಮಿತಾ ಎಸ್‌ಐ ಚೇತನಾಗೆ ಹೇಳಿದಳು. "ಅವ್ರೇ ಮಲ್ಕಂಬುಕ್ ಆತಿಲ್ಲೆ, ನಿದ್ದೆ ಬತ್ತಿಲ್ಲೆ ಅಂದ್ರ್. ಸರ್ಜನ್ ಬರ್ದದ್ದನ್ನೇ ಕೊಟ್ಟೆ. ನೋವಿಗೆ ಅಂತ ಬೆನ್ನಿಗೆ ಮಾರ್ಫಿನ್ ಹಾಕಿರೆ ನಿದ್ದೆ ಇಂಜೆಕ್ಷನ್ ಕೊಡುಕಾಗ, ಉಸ್ರ್ ನಿಂತ್ ಹೋತ್ತ್. ಆಪರೇಶನ್ ಶೀಟ್ ಕಾಣಿ. ಮಾರ್ಫಿನ್ ಅಂತ ಬರೀಲೇ ಇಲ್ಲೆ."

ಶೀಟಿನಲ್ಲಿ ನಿಜಕ್ಕೂ ಇರಲಿಲ್ಲ. ಹೆಣದ ಮೂಗಿನ ಮೇಲೆ ಮಾತ್ರ ಕೆಂಪು ಗೀರುಗಳಿದ್ದವು.

"ಇದೆಂತ?" ಚೇತನಾ ಸುಗುಣಳನ್ನು ಕೇಳಿದಳು.

"ಬೆಳಗ್ಗಿಂದ ಮೂಗ್ ತುರ್ಸುದೇ," ಎಂದಳು ಸುಗುಣ. "ನಿನ್ನೆ ತಿಂದ ಸಿಗಡಿ ಮೈಗೆ ಆಯ್ಲಿಲ್ಲೆ ಕಾಣತ್ತ್ ಅಂದೆ. ನಗ್ಯಾಡ್ರ್."

"ನೋವು?"

"ಇಲ್ಲೆ. ಮಧ್ಯಾಹ್ನ ಕಾಲ್ ಆಡ್ಸಿ ತೋರ್ಸ್ರ್. ಬಪ್ಪ ವಾರ ಕೆಲ್ಸಕ್ಕೆ ಹೋತೆ ಕಾಣ್ ಅಂದ್ರ್."

ಚೇತನಾ ಬರೆಯುವುದನ್ನು ನಿಲ್ಲಿಸಿದಳು.

* * *

ಅರಿವಳಿಕೆ ವೈದ್ಯ ಲೀಲಾಧರ ಬ್ರಹ್ಮಾವರದ ಆಸ್ಪತ್ರೆಯಲ್ಲಿ ಕೈ ತೊಳೆಯುತ್ತಿದ್ದ. ಬೆಳಿಗ್ಗೆ ಕುಂದಾಪುರ, ಮಧ್ಯಾಹ್ನ ಬೈಂದೂರು, ಈಗ ಇಲ್ಲಿ. ಮೂರು ಊರು, ಒಂದೇ ಬ್ಯಾಗು.

"ಮರಗಟ್ಟಿಸುವ ಮದ್ದು ಮಾತ್ರ ಹಾಕಿದ್ದು," ಎಂದ. "ನರ್ಸ್ ಏನೋ ಎಡವಟ್ಟು ಮಾಡಿದ್ದಾಳೆ."

"ಅದು ಮಧ್ಯಾಹ್ನಕ್ಕೇ ಇಳಿದಿತ್ತು ಡಾಕ್ಟ್ರೇ. ಕಾಲು ಆಡಿಸಿದ್ದಾನೆ. ಮೂಳೆಯೊಳಗೆ ಹೊಸ ರಾಡ್ ಇದ್ದೂ ನೋವಿಲ್ಲ ಅಂದಿದ್ದಾನೆ. ಮೂಗು ಗೀರಿಕೊಂಡಿದ್ದಾನೆ. ನನ್ನ ಸಿಸೇರಿಯನ್‌ಗೂ ಬೆನ್ನಿಗೆ ಮಾರ್ಫಿನ್ ಹಾಕಿದ್ರು. ಮಗುವನ್ನು ಎತ್ತಿಕೊಳ್ಳೋದು ಬಿಟ್ಟು ಮೂಗು ತುರಿಸಿಕೊಳ್ತಿದ್ದೆ."

"ತುರಿಕೆ ಸಾಕ್ಷಿಯಾಗುತ್ತದಾ?"

ನಲ್ಲಿಯ ಪಕ್ಕದಲ್ಲಿಟ್ಟಿದ್ದ ಅವನ ಫೋನ್ ರಿಂಗಾಯಿತು. ಚೇತನಾ ಸ್ಪೀಕರ್ ಒತ್ತಿದಳು. ಬೈಂದೂರಿನ ನರ್ಸ್ ದಿವ್ಯಾ.

"ಸರ್, ಮಧ್ಯಾಹ್ನ ಆಪರೇಶನ್ ಆದ ಅಜ್ಜ ಮೂಗ್ ತುರ್ಸ್ತಾ ಮಲ್ಗುದೇ ಇಲ್ಲೆ. ಶೀಟಲ್ಲಿ ಎಂತದೂ ಬರೀಲಿಲ್ಲೆ. ನಿದ್ದೆ ಇಂಜೆಕ್ಷನ್ ಕೊಡ್ಲಾ?"

ಲೀಲಾಧರ ಚೇತನಾಳನ್ನು ನೋಡಿದ. ನಲ್ಲಿ ಸುರಿಯುತ್ತಲೇ ಇತ್ತು.

"ಹಲೋ? ಸಿರಿಂಜ್ ಕೈಯಾಗೇ ಇತ್ತ್ ಸರ್."

"ಬೇಡ!" ಅವನ ದನಿ ಒಡೆಯಿತು. "ಕೊಡಬೇಡ. ಮಾರ್ಫಿನ್ ಹಾಕಿದ್ದೇನೆ. ಬರೆಯಲು ಪುರುಸೊತ್ತಾಗಲಿಲ್ಲ. ಕುಂದಾಪುರದಲ್ಲೂ ಹಾಗೇ ಆಯ್ತು. ಉಸಿರು ಎಣಿಸು. ಬೆಳಗಿನವರೆಗೂ ಎಣಿಸು."

ಚೇತನಾ ಫೋನಿನತ್ತ ಬಾಗಿದಳು. "ಸಿರಿಂಜ್ ಕೆಳಗಿಡು ದಿವ್ಯಾ."

"ಅದ್ ಖಾಲಿಯೇ ಮೇಡಂ, ನೀವ್ ಆಗ್ಳೆ ಫೋನ್ ಮಾಡಿ ಹೇಳ್ದಂಗೇ. ಆದ್ರೆ..." ದಿವ್ಯಾ ತಡೆದಳು. "ಅಜ್ಜ ಈಗ ಮೂಗ್ ತುರ್ಸುದ್ ನಿಲ್ಸ್ರ್."

"ಎಣಿಸು!" ಲೀಲಾಧರ ಕೂಗಿದ.

"ಒಂದ್," ಎಂದಳು ದಿವ್ಯಾ.

ಎರಡು ಬರುವುದು ತುಂಬಾ ತಡವಾಯಿತು.