ಉದ್ದ ಬಾಲದ ಮಾತು

"ನಿಮಗೆ ಬಾಲ ಇಲ್ಲ ಮೇಡಂ. ಅದೇ ತೊಂದರೆ!"

ಮುಖ ನೋಡಿ ಒಂದು ನಿಮಿಷವೂ ಆಗದ ಗಂಡಸೊಬ್ಬ ಹೀಗೆಂದಾಗ ಅವಳ ಬಾಯಲ್ಲಿ ಹನ್ನೊಂದು ಮೊಳೆಗಳಿದ್ದವು. ಹನ್ನೊಂದನ್ನೂ ಒಂದೊಂದಾಗಿ ಅಂಗೈಗೆ ಉಗುಳಿದಳು. ಮೊಳೆ ಮುಗಿದ ಮೇಲೆ ಬರುವುದು ಬೈಗುಳವೆಂದು ಗೊತ್ತಿದ್ದ ಎದುರು ಮನೆಗಳ ಕಿಟಕಿಗಳು ಮುಟ್ಟುವವರಿಲ್ಲದೆ ತಾವಾಗಿಯೇ ಮುಚ್ಚಿಕೊಂಡವು. ಇಡೀ ಬೀದಿ ಅವಳನ್ನು ‘ಮೊಳೆಬಾಯಿ’ ಎಂದೇ ಕರೆಯುತ್ತಿತ್ತು. ಬೆನ್ನ ಹಿಂದೆ ಮಾತ್ರ! ಎದುರಿಗೆ ಕರೆಯುವಷ್ಟು ಎದೆಗಾರಿಕೆ ಆ ಬೀದಿಯಲ್ಲಿ ಏಳು ತಲೆಮಾರಿನಿಂದ ಹುಟ್ಟಿರಲಿಲ್ಲ.

"ಇನ್ನೊಂದ್ಸಲ ಹೇಳ್ರೀ..." ಸುತ್ತಿಗೆ ಎತ್ತಿಕೊಂಡಳು. "ಬಂದ ತಕ್ಷಣ ಬಾಲ ಬಿಚ್ಚಿರೋರು ನೀವು. ಬಾಲ ಇಲ್ಲದೋಳು ನಾನಾ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಹಿಂದಿದ್ದ ಕುರ್ಚಿಯ ಮೇಲೆ ಕುಸಿದ. ಅದರ ಹಳೆಯ ಬೆತ್ತವನ್ನು ಅವಳು ಆಗಷ್ಟೇ ಕತ್ತರಿಸಿ ತೆಗೆದಿದ್ದಳು. ಮರುಕ್ಷಣ ಅವನ ಮಂಡಿಗಳು ಕಿವಿಗಳ ಪಕ್ಕದಲ್ಲಿದ್ದವು.

"ಅದಕ್ಕೆ ತಳ ಇಲ್ಲ. ನಿಮ್ಮ ಮಾತಿನ ಹಾಗೇ!"

"ಅಯ್ಯೋ, ಬಾಲ ಅನ್ನೋದು ನಮ್ಮ ಕಸುಬಿನ ಮಾತು ಮೇಡಂ... ನಿಮ್ಮ ವೆಬ್‌ಸೈಟು ಜನರ ಕಣ್ಣಿಗೆ ಬೀಳೋ ಹಾಗೆ ಮಾಡೋಕೆ ನಿಮ್ಮಣ್ಣ ಕಳಿಸಿದ್ದಾರೆ. ಮೊದಲು ಹೊರಗೆ ಎಳೀರಿ. ಆಮೇಲೆ ಬೇಕಾದ್ರೆ ಹೊಡೀರಿ!"

ಎಳೆದಳು. ಹೊಡೆಯಲಿಲ್ಲ. ಅವಳ ಜನ್ಮದಲ್ಲಿ ಅದೇ ಮೊದಲ ಸಲ ಸುತ್ತಿಗೆ ಕೆಲಸವಿಲ್ಲದೆ ಕೆಳಗಿಳಿದದ್ದು.

ಕುರ್ಚಿ ರಿಪೇರಿಯ ಆ ಅಂಗಡಿ ಅಪ್ಪನದು. ಅಪ್ಪ ಹೋಗಿ ಎರಡು ವರ್ಷ. ಬಾಗಿಲ ಮೇಲೆ ಅವರೇ ಬರೆದ ಬೋರ್ಡು: ‘ಆಸನ ಪುನಶ್ಚೇತನ ಕೇಂದ್ರ’. ವೆಬ್‌ಸೈಟಿನ ನೆತ್ತಿಯ ಮೇಲೂ ಅದೇ. ಒಳಗೆ ಬರುವವರು ಎರಡೇ ಬಗೆ. ಒಬ್ಬರು ಯೋಗ ಕಲಿಯಲು ಬಂದವರು, ಇನ್ನೊಬ್ಬರು ದಾರಿ ತಪ್ಪಿ ಬಂದವರು.

"ಮೂರು ತಿಂಗಳು ನೋಡ್ತೀನಿ ಕಣೇ," ಎಂದಿದ್ದ ಅಣ್ಣ. "ಗಿರಾಕಿ ಬಂದ್ರೆ ಅಂಗಡಿ ನಿಂದು. ಇಲ್ದಿದ್ರೆ ಇಲ್ಲಿ ಮೊಬೈಲ್ ಕವರ್ ಮಾರ್ತೀನಿ."

ಅಪ್ಪನ ಉಳಿ, ಅಪ್ಪನ ಸುತ್ತಿಗೆ, ಅಪ್ಪನ ಅಂಟಿನ ವಾಸನೆ... ಅದರ ಜಾಗದಲ್ಲಿ ಮೊಬೈಲ್ ಕವರ್!

"ಸರಿ, ನಿಮ್ಮ ಬಾಲ ಏನು ಅಂತ ಹೇಳಿ," ಎಂದಳು.

"ಮನೇಲಿ ಕಾಲು ಮುರಿದ ಕುರ್ಚಿ ಇಟ್ಕೊಂಡೋನು ಇಂಟರ್ನೆಟ್ಟಲ್ಲಿ ಏನಂತ ಹುಡುಕ್ತಾನೆ? ಆಸನ ಪುನಶ್ಚೇತನ ಅಂತಾನಾ?"

"ಕುರ್ಚಿ ಅಂತಾನೆ."

"ಕುರ್ಚಿ ಅಂದ್ರೆ ಚುನಾವಣೆ ಸುದ್ದಿ ಬರುತ್ತೆ!"

ತಡೆದರೂ ಅವಳಿಗೆ ನಗು ಬಂತು. ಬೀದಿಯ ಕಿಟಕಿಗಳು ಗಾಬರಿಯಿಂದ ತೆರೆದುಕೊಂಡವು.

"ಚಿಕ್ಕ ಪದಕ್ಕೆ ಪೈಪೋಟಿ ಜಾಸ್ತಿ ಮೇಡಂ. ದೊಡ್ಡ ಕಂಪನಿಗಳು ಮೊದಲೇ ಅಲ್ಲಿ ಕೂತಿರ್ತವೆ. ನಮ್ಮ ಕೀವರ್ಡಿಗೆ, ಅಂದ್ರೆ ಜನ ಟೈಪ್ ಮಾಡಿ ಹುಡುಕೋ ಮಾತಿಗೆ, ಬಾಲ ಉದ್ದ ಇರಬೇಕು. ‘ಊಟದ ಕುರ್ಚಿ ಒಂದು ಕಾಲು ಅಲ್ಲಾಡುತ್ತೆ, ಅಂಟು ಹಾಕಿದ್ರೂ ನಿಲ್ತಿಲ್ಲ’. ಅಷ್ಟುದ್ದ ಟೈಪ್ ಮಾಡೋನು ಸುಮ್ನೆ ಮಾಡಿರಲ್ಲ. ಅವನಿಗೆ ನಿಜವಾಗಲೂ ಬೇಕಾಗಿರುತ್ತೆ. ಕಡಿಮೆ ಜನ ಹುಡುಕ್ತಾರೆ... ಆದ್ರೆ ಹುಡುಕೋರು ನಮ್ಮೋರೇ."

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ‘ಹೌದಲ್ಲ... ಮನಸ್ಸಿಗೆ ಹತ್ತಿರದ್ದನ್ನು ಒಂದೇ ಪದದಲ್ಲಿ ಯಾರು ತಾನೇ ಹೇಳುತ್ತಾರೆ?’

ಅಂದಿನಿಂದ ಅವನು ಅವಳ ಬಾಯಲ್ಲಿ ‘ಬಾಲರಾಯ’ನಾದ. ದಿನಾ ಬೆಳಿಗ್ಗೆ ಬರುತ್ತಿದ್ದ. ಮೊದಲ ದಿನ ತಾನು ಬಿದ್ದ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಗಿರಾಕಿಗಳು ಬಾಗಿಲಲ್ಲಿ ನಿಂತು ಆಡುವ ಮೊದಲ ಮಾತನ್ನು ಅವಳಿಂದ ಹೇಳಿಸಿ ಬರೆದುಕೊಳ್ಳುತ್ತಿದ್ದ. ‘ಕೂತರೆ ಕಿರ್ರ್ ಅನ್ನುತ್ತೆ.’ ‘ಬೆಕ್ಕು ಪರಚಿ ಸೀಟು ಹರಿದಿದೆ.’ ‘ಅತ್ತೆ ಬರೋದ್ರೊಳಗೆ ಸರಿಯಾಗಬೇಕು.’ ಎರಡು ವಾರದಲ್ಲಿ ಮೂರು ನೋಟ್‌ಬುಕ್ಕು ತುಂಬಿದವು. ಹೀಗೇ ಬಿಟ್ಟಿದ್ದರೆ ಪ್ರಪಂಚದ ಕಾಗದವೆಲ್ಲ ಖಾಲಿಯಾಗುತ್ತಿತ್ತು!

ಒಂದು ದಿನ ವೆಬ್‌ಸೈಟಿನೊಳಗೆ ಹುಡುಕಲು ಒಂದು ಚೌಕ ಕೂರಿಸಿದ. "ಬಂದೋರು ಇಲ್ಲಿ ಟೈಪ್ ಮಾಡಿದ್ದೆಲ್ಲ ಪಟ್ಟಿಯಾಗಿ ನಮಗೆ ಸಿಗುತ್ತೆ. ಯಾರು ಅಂತ ಗೊತ್ತಾಗಲ್ಲ, ಏನು ಅಂತ ಮಾತ್ರ. ಪರೀಕ್ಷೆಗೆ ನೀವೇ ಏನಾದ್ರೂ ಹಾಕಿ ನೋಡಿ," ಎಂದು ಚಹಾ ತರಲು ಹೋದ.

ಅವಳ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಬಟ್ಟೆ ಹೊದಿಸಿದ ಅಪ್ಪನ ಕುರ್ಚಿ. ಊರಿನ ಕುರ್ಚಿಗಳನ್ನೆಲ್ಲ ಸರಿ ಮಾಡಿದವಳು ಅದೊಂದನ್ನು ಮುಟ್ಟಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಏನೋ ಟೈಪ್ ಮಾಡಿದಳು. ‘ನೀವು ಹುಡುಕಿದ್ದಕ್ಕೆ ಏನೂ ಸಿಗಲಿಲ್ಲ’ ಎಂದಿತು ಪರದೆ. ಗೊತ್ತಿದ್ದದ್ದೇ ಎಂದುಕೊಂಡು ಮುಚ್ಚಿದಳು, ಮರೆತಳು.

ಮುಂದಿನ ವಾರ ಅವನು ಕೇಳಿದ, "ಬೆತ್ತದ ಸೀಟಿನಲ್ಲಿ ಅಂಚಿನ ಎಳೆ ಮಾತ್ರ ಬದಲಾಯಿಸಿ, ನಡುವಿನದು ಹಾಗೇ ಬಿಡಬಹುದಾ?"

"ಕಷ್ಟ. ಆದ್ರೆ ಬಿಡಬಹುದು. ಯಾಕೆ?"

"ಒಬ್ಬರಿಗೆ ಬೇಕಾಗಿದೆ."

ಮೂರನೆಯ ದಿನ ಅವಳು ವೆಬ್‌ಸೈಟು ತೆರೆದಳು. ಹೊಸ ಪುಟ. ಅದರ ತಲೆಬರಹ: ‘ಅಪ್ಪ ಕೂತು ಬಿದ್ದ ತಗ್ಗು ಹೋಗದ ಹಾಗೆ ಕುರ್ಚಿ ಸರಿ ಮಾಡುವುದು’.

ಅದು ಅವಳ ಎದೆಯೊಳಗಿನ ಮಾತು! ಹೊಸ ಬೆತ್ತ ಹೆಣೆದರೆ ಸೀಟು ಸಮವಾಗುತ್ತದೆ, ಅಪ್ಪ ಮೂವತ್ತು ವರ್ಷ ಕೂತು ಮಾಡಿದ ತಗ್ಗು ಅಳಿಸಿಹೋಗುತ್ತದೆ... ಅದಕ್ಕೇ ಅವಳು ಆ ಕುರ್ಚಿ ಮುಟ್ಟಿರಲಿಲ್ಲ. ಬಟ್ಟೆ ಸರಿಸಿ ನೋಡಿದನೇ? ಅಣ್ಣನನ್ನು ಕೆದಕಿದನೇ?

"ನನ್ನ ಕಣ್ಣೀರು ನಿಮಗೆ ಕೀವರ್ಡಾ?"

"ಮೇಡಂ, ಏನು..."

"ಅಪ್ಪನ ನೆನಪು ಮಾರಿ ಗಿರಾಕಿ ಕರೀಬೇಕಾ? ಹೋಗ್ರೀ ಆಚೆಗೆ!"

ಬಾಯಲ್ಲಿ ಒಂದೂ ಮೊಳೆಯಿರಲಿಲ್ಲ. ಮಾತುಗಳೇ ಮೊಳೆಯಾಗಿ ಹೋಗಿ ನಾಟಿದವು. ಅವನು ಬಿಳಿಚಿಕೊಂಡು ನಿಂತ. "ಅದು ಪಟ್ಟೀಲಿ..." ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಅವನು ಬರುವುದು ನಿಂತಿತು. ಗಿರಾಕಿಗಳು ಬರುವುದು ಶುರುವಾಯಿತು. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಕುರ್ಚಿಗಳು! ಅಣ್ಣ ಬಂದು ಅತ್ತಿತ್ತ ನೋಡಿದ.

"ಕೂರೋಕೆ ಒಂದು ಕುರ್ಚಿ ಇಲ್ವೇನೇ?"

"ಎಲ್ಲಾ ಗಿರಾಕಿಗಳದ್ದು ಅಣ್ಣಾ."

ಅಣ್ಣ ನಿಂತುಕೊಂಡೇ ಯೋಚಿಸಿದ. "ಮೊಬೈಲ್ ಕವರಿಗೂ ಈಗ ಪೈಪೋಟಿ ಜಾಸ್ತಿ ಬಿಡು. ಅಂಗಡಿ ನಿಂದೇ," ಎಂದು ಹೊರಟ.

ಗೆದ್ದಿದ್ದಳು. ಗೆದ್ದದ್ದನ್ನು ಹೇಳಿಕೊಳ್ಳಲು ಬೇಕಾದ ಒಬ್ಬನೇ ಒಬ್ಬ ಇರಲಿಲ್ಲ.

ಅದೇ ವಾರ ನಿವೃತ್ತ ಟೀಚರಮ್ಮನೊಬ್ಬರು ಹಳೆಯ ಬೆತ್ತದ ಕುರ್ಚಿ ಹೊರಿಸಿಕೊಂಡು ಬಂದರು. "ನಮ್ಮೆಜಮಾನ್ರದ್ದಮ್ಮ. ತಗ್ಗು ಹಾಗೇ ಇರಬೇಕು. ಆ ಪುಟ ಓದ್ದೆ... ಬರೆದೋರು ಯಾರು?"

"ಯಾಕಮ್ಮಾ?"

"ಕೊನೇಲಿ ಬರೆದಿದ್ದಾರಲ್ಲ, ‘ಇದನ್ನು ಹುಡುಕಿದವರು ಯಾರೋ ನನಗೆ ಗೊತ್ತಿಲ್ಲ. ಅವರಿಗೆ ಏನೂ ಸಿಗಲಿಲ್ಲ ಎಂದು ನಮ್ಮ ಹುಡುಕುವ ಚೌಕ ಹೇಳಿಬಿಟ್ಟಿದೆ. ಅದು ತಪ್ಪು. ದಯವಿಟ್ಟು ಇನ್ನೊಮ್ಮೆ ಹುಡುಕಿ’ ಅಂತ. ಅಳು ಬಂತಮ್ಮ."

ಅವಳು ಪುಟವನ್ನು ಕೊನೆಯವರೆಗೆ ಓದಿಯೇ ಇರಲಿಲ್ಲ!

ಹುಡುಕಾಟದ ಪಟ್ಟಿ ತೆರೆದಳು. ಚೌಕ ಕೂರಿಸಿದ ದಿನ, ಯೋಗ ಹುಡುಕಿದವರ ಸಾಲುಗಳ ನಡುವೆ ಒಂದು ಸಾಲು: ‘ಅಪ್ಪ ಕೂತು ಬಿದ್ದ ತಗ್ಗು ಹೋಗದ ಹಾಗೆ ಕುರ್ಚಿ ಸರಿ ಮಾಡೋದು ಹೇಗೆ’.

ಅವಳೇ ಟೈಪ್ ಮಾಡಿದ್ದು. ಅವನು ಚಹಾಕ್ಕೆ ಹೋದಾಗ.

ಯಾರೋ ಗೊತ್ತಿಲ್ಲದವರ ನೋವಿಗೆ ಅವನು ಉತ್ತರ ಬರೆದಿದ್ದ... ಆ ಯಾರೋ ಅವಳೇ ಆಗಿದ್ದಳು.

ಪಟ್ಟಿ ಅಲ್ಲಿಗೆ ಮುಗಿದಿರಲಿಲ್ಲ. ಜಗಳದ ಮರುದಿನದಿಂದ ಪ್ರತಿ ಬೆಳಿಗ್ಗೆ ಹತ್ತಕ್ಕೆ ಒಂದು ಸಾಲು. ‘ಕ್ಷಮಿಸಿ’. ಏನೂ ಸಿಗಲಿಲ್ಲ. ‘ಕ್ಷಮಿಸಿ’. ಏನೂ ಸಿಗಲಿಲ್ಲ. ನಡುವೆ ಒಂದು ದಿನ, ‘ಮೊಳೆ ಬಾಯಲ್ಲಿಟ್ಟುಕೊಂಡು ಮಾತಾಡುವವರು ಜೋಪಾನವಾಗಿದ್ದಾರಾ’. ಅದಕ್ಕೂ ಏನೂ ಸಿಗಲಿಲ್ಲ.

ಅವಳು ಅತ್ತಳು. ಅತ್ತ ರಭಸಕ್ಕೆ ಅಂಗಡಿಯ ಕುರ್ಚಿಗಳೆಲ್ಲ ತೇಲಿ ಬೀದಿಗೆ ಹೋಗಬೇಕಿತ್ತು. ಟೀಚರಮ್ಮ ಸೆರಗು ಕೊಟ್ಟಿದ್ದರಿಂದ ಉಳಿದವು.

ಆಮೇಲೆ ಎರಡು ಕೆಲಸ ಮಾಡಿದಳು. ಅಪ್ಪನ ಕುರ್ಚಿಯ ಬಟ್ಟೆ ತೆಗೆದು, ಹರಿದ ಅಂಚಿನ ಎಳೆಗಳನ್ನಷ್ಟೇ ಬಿಚ್ಚಿ ಹೊಸದಾಗಿ ಹೆಣೆದಳು. ನಡುವಿನ ತಗ್ಗನ್ನು ಮುಟ್ಟಲಿಲ್ಲ. ಇನ್ನೊಂದು, ಅವನೇ ಕಲಿಸಿದ ಹಾಗೆ ಒಂದು ಹೊಸ ಪುಟ ಮಾಡಿದಳು. ಅದರ ಕೀವರ್ಡು ಒಂದೇ: ಕ್ಷಮಿಸಿ.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಊರಿನ ಯಾವುದೋ ಕೋಣೆಯಲ್ಲಿ ಒಬ್ಬನಿಗೆ ಮೊದಲ ಬಾರಿ ಏನೋ ಸಿಕ್ಕಿತು.

‘ತಪ್ಪು ನನ್ನದು. ಆ ಸಾಲು ಟೈಪ್ ಮಾಡಿದವಳು ನಾನೇ. ಇನ್ನೊಮ್ಮೆ ಹುಡುಕಿದೆ, ಸಿಕ್ಕಿತು. ಅಂಗಡಿ ತೆರೆದಿದೆ.’

ಹತ್ತೂ ಹತ್ತಕ್ಕೆ ಅವನು ಬಾಗಿಲಲ್ಲಿದ್ದ. ಏದುಸಿರು, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ.

ಮೊದಲ ದಿನ ಅವನು ಬಿದ್ದಿದ್ದ ಕುರ್ಚಿಯನ್ನು ಅವಳು ಮುಂದೆ ತಳ್ಳಿದಳು. "ಕೂತ್ಕೊಳ್ಳಿ. ಈಗ ತಳ ಇದೆ."

ತಾನು ಅಪ್ಪನ ಕುರ್ಚಿಯಲ್ಲಿ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ. ತಗ್ಗು ಅವಳನ್ನು ಮೆಲ್ಲಗೆ ಒಳಗೆ ತೆಗೆದುಕೊಂಡಿತು.

"ನೀವೇ ಅಂತ ಗೊತ್ತಿರಲಿಲ್ಲ," ಎಂದ ಅವನು. "ನಿಜವಾಗ್ಲೂ."

"ಗೊತ್ತಾಯ್ತು... ದಿನಾ ಯಾಕೆ ಟೈಪ್ ಮಾಡಿದ್ರಿ? ಒಂದೇ ಪದದಲ್ಲಿ ಹೇಳಿ."

"ಆ ಪದಕ್ಕೆ ಪೈಪೋಟಿ ಜಾಸ್ತಿ ಮೇಡಂ. ಎಲ್ಲರೂ ಅದನ್ನೇ ಹೇಳ್ತಾರೆ."

"ಹಾಗಾದ್ರೆ ಬಾಲ ಬಿಚ್ಚಿ!"

ಅವನು ಉಸಿರೆಳೆದುಕೊಂಡ. "ಹನ್ನೊಂದು ಮೊಳೆ ಉಗುಳಿ, ಸುತ್ತಿಗೆ ಎತ್ಕೊಂಡು ಬೈದೋಳ ಪಕ್ಕದಲ್ಲಿ, ಇಂಥದ್ದೇ ಒಂದು ತಗ್ಗು ಬೀಳೋವರೆಗೂ, ಕುರ್ಚಿ ಹಾಕ್ಕೊಂಡು ಕೂರೋದು ಹೇಗೆ?"

ಬೀದಿಯ ಕಿಟಕಿಗಳೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿದವು.

ಅವಳು ತುಂಬಾ ಹೊತ್ತು ಹುಡುಕುವವಳ ಹಾಗೆ ಅವನ ಕಣ್ಣುಗಳನ್ನೇ ನೋಡಿದಳು. ಆಮೇಲೆ ಕೈ ಚಾಚಿ ಅವನ ಬೆರಳು ಹಿಡಿದಳು.

"ಸಿಕ್ಕಿತು," ಎಂದಳು. "ಒಂದೇ ಒಂದು."